ಊರಿನ ಪೈಪ್ ಬ್ಯಾಂಡ್ ಸೇರಿ ಬ್ಯಾಗ್‌ಪೈಪ್ ಊದಿದರೆ ಏನು ಸಿಗುತ್ತದೆ? ಅನುಭವ ಇದ್ದವರು ಹೇಳಿ

ಮಲೆನಾಡ್ ಮಳೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಸ್ಕಾಟ್ಲೆಂಡಿನ ಫೈಫ್ ಕಡೆ, ಒಂದು ಸಣ್ಣ ಊರಿನಲ್ಲಿ. ಇಲ್ಲೊಂದು ಪೈಪ್ ಬ್ಯಾಂಡ್ ಇದೆ, ಅಂದರೆ ಬ್ಯಾಗ್‌ಪೈಪ್ ಊದುವವರೂ ಡ್ರಮ್ ಬಾರಿಸುವವರೂ ಸೇರಿದ ತಂಡ. ಯಾರೂ ಅದರಿಂದ ಸಂಬಳ ತೆಗೆದುಕೊಳ್ಳುವವರಲ್ಲ. ಒಬ್ಬರು ಪ್ಲಂಬರ್, ಒಬ್ಬರು ಪೋಸ್ಟ್ ಹಂಚುವವರು, ಇಬ್ಬರು ಟೀಚರು, ಕೆಲವು ಕಾಲೇಜು ಹುಡುಗರು, ರಿಟೈರ್ ಆದ ಅಜ್ಜಂದಿರು, ಹೀಗೆ. ನನ್ನ ಮಗಳಿಗೆ 11 ವರ್ಷ. ಅವರು ಹೊಸಬರಿಗೆ ನಡೆಸುವ ಕ್ಲಾಸಿಗೆ ಸೇರಿದ್ದಾಳೆ, ಈಗ ಪ್ರಾಕ್ಟೀಸ್ ಚಾಂಟರ್ (ಚೀಲ ಇಲ್ಲದ, ಬೆರಳಾಟ ಕಲಿಯುವ ಕೊಳವೆ) ಊದುತ್ತಾಳೆ. ಅವಳನ್ನು ಬಿಡಲು ಹೋದಾಗ ನಾನು ಚರ್ಚ್ ಹಾಲಿನ ಹಿಂದಿನ ಬೆಂಚಿನಲ್ಲಿ ಕೂತು ಕೇಳುತ್ತಿರುತ್ತೇನೆ. ಈಗ ಅವರ ಪೈಪ್ ಮೇಜರ್, ಅಂದರೆ ಬ್ಯಾಂಡಿನ ಮುಖ್ಯಸ್ಥರು, ನನ್ನನ್ನೂ ಕರೆಯುತ್ತಿದ್ದಾರೆ. ಸುಮ್ನೆ ಕೂತಿರುವ ಬದಲು ನೀವೂ ಒಂದು ಚಾಂಟರ್ ಹಿಡಿಯಿರಿ ಅಂತ.

ನನಗೆ 43. ಸಂಗೀತ ಅಂದರೆ ಚಿಕ್ಕವನಿದ್ದಾಗ ಸರಳೆ, ಜಂಟಿ ವರಸೆವರೆಗೆ ಕಲಿತದ್ದು. ಆಮೇಲೆ ತೀರ್ಥಹಳ್ಳಿ ಕಡೆ ಮದುವೆ, ತೇರುಗಳಲ್ಲಿ ಓಲಗ ಕೇಳಿದ್ದು. ಅಷ್ಟೇ. ಆದರೆ ಈ ಸದ್ದು ನನಗೆ ತುಂಬಾ ಹಿಡಿಸಿದೆ. ಹಾಲಿನಲ್ಲಿ ಎಲ್ಲರೂ ಒಟ್ಟಿಗೆ ಶುರು ಮಾಡಿದಾಗ ಎದೆಯೊಳಗೇ ಏನೋ ನಡುಗುತ್ತದೆ.

ಎಡಿನ್‌ಬರಾದಲ್ಲಿರುವ ನಮ್ಮ ಕನ್ನಡದವರನ್ನು ಕೇಳಿದರೆ ಎಲ್ಲರೂ ಬೇಡ ಅನ್ನುತ್ತಾರೆ. ದುಡ್ಡು ಬರುವುದಿಲ್ಲ, ಬೇಸಿಗೆಯ ಶನಿವಾರಗಳೆಲ್ಲ ಹೋಗುತ್ತವೆ, ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ, ಅದು ನಮ್ಮ ವಾದ್ಯವೂ ಅಲ್ಲ, ಕಲಿಯುವುದೇ ಆದರೆ ಕೊಳಲು ಕಲಿ ಅಂತ. ಅವರಲ್ಲಿ ಯಾರೂ ನುಡಿಸಿದವರಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಿಜವಾಗಿ ಬ್ಯಾಂಡಿನಲ್ಲಿ ನುಡಿಸುವವರು ಯಾರಾದರೂ ಇದ್ದೀರಾ? ವಾರವಾರ ಹೋಗಿ, ಚಳಿ ಮಳೆಯಲ್ಲಿ ನಿಂತು ಊದುವುದರಿಂದ ನಿಮಗೆ ಏನು ಸಿಗುತ್ತಿದೆ? ಈ ವಯಸ್ಸಿನಲ್ಲಿ ಶುರು ಮಾಡಿದರೆ ಬ್ಯಾಂಡಿನ ಸಾಲಿಗೆ ಬರಲು ಎಷ್ಟು ಕಾಲ ಬೇಕು?

ಫಾಲ್ಕರ್ಕ್ ಕನ್ನಡತಿ

ಸೇರಿ. ಮೊದಲು ಉತ್ತರ ಅದು, ವಿವರ ಆಮೇಲೆ.

ನಾನು ಫಾಲ್ಕರ್ಕ್ ಕಡೆಯ ಒಂದು ಗ್ರೇಡ್ 4ಬಿ ಬ್ಯಾಂಡಿನಲ್ಲಿ ಪೈಪರ್. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಇಲ್ಲಿನ ದೊಡ್ಡ ಸ್ಪರ್ಧೆಗಳನ್ನು ನಡೆಸುವುದು ರಾಯಲ್ ಸ್ಕಾಟಿಷ್ ಪೈಪ್ ಬ್ಯಾಂಡ್ ಅಸೋಸಿಯೇಷನ್, 1930ರಲ್ಲಿ ಶುರುವಾದ ಸಂಸ್ಥೆ. ದೊಡ್ಡವರ ಬ್ಯಾಂಡುಗಳಲ್ಲಿ ಗ್ರೇಡ್ 1 ತುದಿ, 4ಬಿ ಮೊದಲ ಮೆಟ್ಟಿಲು. ಗ್ರೇಡ್ 1ರವರು ಕೂಡ ಹೆಚ್ಚಿನವರು ಸೋಮವಾರ ಬೆಳಿಗ್ಗೆ ಬೇರೆ ಕೆಲಸಕ್ಕೆ ಹೋಗುವವರೇ. ಹಾಗಾಗಿ ಹವ್ಯಾಸಿ ಅನ್ನುವ ಮಾತು ಇಲ್ಲಿ ಯಾರನ್ನೂ ಚಿಕ್ಕವರನ್ನಾಗಿ ಮಾಡುವುದಿಲ್ಲ.

ಏನು ಸಿಗುತ್ತದೆ ಅಂತ ಕೇಳಿದಿರಿ. ಅದು ಗೊತ್ತಾಗಬೇಕಾದರೆ ಈ ವಾದ್ಯದ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಪೈಪಿನಲ್ಲಿ ಜೋರಾಗಿ, ಮೆಲ್ಲಗೆ ಅನ್ನುವುದೇ ಇಲ್ಲ. ನಡುವೆ ನಿಲ್ಲಿಸುವ ಹಾಗೂ ಇಲ್ಲ. ನೀವು ಉಸಿರು ಎಳೆದುಕೊಳ್ಳುವಾಗ ತೋಳು ಚೀಲವನ್ನು ಒತ್ತುತ್ತದೆ, ಊದುವಾಗ ತೋಳು ಸಡಿಲವಾಗುತ್ತದೆ, ಆದರೆ ರೀಡಿಗೆ (ಒಳಗೆ ಅದುರಿ ಸದ್ದು ಮಾಡುವ ಪೀಪಿಗೆ) ಹೋಗುವ ಒತ್ತಡ ಒಂದೇ ಸಮ ಇರಬೇಕು. ಸ್ವಲ್ಪ ಏರುಪೇರಾದರೂ ಶ್ರುತಿ ಅಲ್ಲಾಡುತ್ತದೆ. ಸದ್ದು ಹರಿಯುತ್ತಲೇ ಇರುವುದರಿಂದ ಒಂದೇ ಸ್ವರ ಎರಡು ಸಲ ಬರಬೇಕಾದರೆ ನಡುವೆ ಇನ್ನೊಂದು ಬೆರಳನ್ನು ಚಕ್ ಅಂತ ಎತ್ತಿ ಅದನ್ನು ಕತ್ತರಿಸಬೇಕು. ಅದೇ ಗ್ರೇಸ್ ನೋಟ್. ಅವುಗಳನ್ನು ಜೋಡಿಸಿ ಡಬ್ಲಿಂಗ್, ಗ್ರಿಪ್, ಬರ್ಲ್ ಅಂತೆಲ್ಲ ಇವೆ. ಹಾಡಿನ ತಾಳ, ನಡೆ, ಒತ್ತು ಎಲ್ಲವೂ ಈ ಪುಟ್ಟ ಸ್ವರಗಳಲ್ಲೇ ಇರುವುದು. ನೀವು ಜಂಟಿ ವರಸೆ ಕಲಿತವರು, ಎರಡನೇ ಸ್ವರವನ್ನು ಸ್ವಲ್ಪ ತಟ್ಟಿ ಹೇಳುವುದು ಅಭ್ಯಾಸ ಇರುತ್ತದೆ. ಇಲ್ಲಿ ಅದು ಉಪಯೋಗಕ್ಕೆ ಬರುತ್ತದೆ.

ಈಗ ಹತ್ತು ಪೈಪರುಗಳನ್ನು ನೆನೆಸಿಕೊಳ್ಳಿ. ಹತ್ತೂ ಜನರ ಆ ಚಿಕ್ಕ ಸ್ವರ ಒಂದೇ ಕ್ಷಣದಲ್ಲಿ ಬೀಳಬೇಕು. ಬಿದ್ದರೆ ಕೇಳುವವರಿಗೆ ಒಂದೇ ಚಾಂಟರ್ (ಬೆರಳಿಟ್ಟು ಸ್ವರ ನುಡಿಸುವ ಕೊಳವೆ) ನುಡಿದಂತೆ ಅನಿಸುತ್ತದೆ, ಒಬ್ಬರ ಬೆರಳು ಕೂದಲೆಳೆಯಷ್ಟು ಹಿಂದೆ ಬಿದ್ದರೂ ಅಂಚು ಒಡೆಯುತ್ತದೆ. ಕೈಯಲ್ಲಿ ಹಾಳೆ ಇರುವುದಿಲ್ಲ, ಎಲ್ಲ ಬಾಯಿಪಾಠ. ವೃತ್ತದಲ್ಲಿ ನಿಂತು ಪೈಪ್ ಮೇಜರ್‌ನ ಬೆರಳನ್ನೂ ಪಾದವನ್ನೂ ನೋಡಿಕೊಂಡು ನುಡಿಸುತ್ತೇವೆ.

ಅಪರೂಪಕ್ಕೆ ಒಂದೊಂದು ಸಂಜೆ ಅದು ಪೂರ್ತಿ ಕೂಡಿ ಬರುತ್ತದೆ. ಆಗ ನನ್ನ ಪೈಪಿನ ಸದ್ದು ನನಗೇ ಬೇರೆಯಾಗಿ ಕೇಳಿಸುವುದಿಲ್ಲ. ತೇರು ಎಳೆಯುವಾಗ ಹಗ್ಗ ಹಿಡಿದ ನೂರು ಕೈಗಳಲ್ಲಿ ಯಾವ ಕೈಯ ಬಲಕ್ಕೆ ಗಾಲಿ ಉರುಳಿತು ಅಂತ ಹೇಳಲು ಆಗುತ್ತದಾ? ಹಾಗೆ. ಆ ಕೆಲವು ನಿಮಿಷಗಳಿಗಾಗಿಯೇ ನಾನು ಚಳಿಗಾಲ ಪೂರ್ತಿ ಅಭ್ಯಾಸಕ್ಕೆ ಹೋಗುವುದು. ಇದಕ್ಕಿಂತ ದೊಡ್ಡ ಲಾಭ ನನಗೆ ಬೇರೆ ಯಾವ ಹವ್ಯಾಸದಲ್ಲೂ ಸಿಕ್ಕಿಲ್ಲ.

ಇನ್ನು ಡ್ರೋನ್. ಭುಜದ ಮೇಲೆ ಕಾಣುವ ಮೂರು ಕೊಳವೆಗಳು ಅವು. ಎರಡು ಟೆನರ್, ಒಂದು ಬೇಸ್. ಚಾಂಟರಿನ ಷಡ್ಜಕ್ಕಿಂತ ಟೆನರ್ ಒಂದು ಸ್ಥಾಯಿ ಕೆಳಗೆ, ಬೇಸ್ ಎರಡು ಸ್ಥಾಯಿ ಕೆಳಗೆ. ಓಲಗದಲ್ಲಿ ಶ್ರುತಿ ಹಿಡಿಯಲು ಒಬ್ಬರು ಬೇರೆಯೇ ಒತ್ತು ಊದುತ್ತಾರಲ್ಲ, ಇಲ್ಲಿ ಆ ಕೆಲಸವನ್ನೂ ಪೈಪರೇ ಮಾಡುತ್ತಾರೆ. ಎರಡು ಡ್ರೋನ್ ಹತ್ತಿರ ಹತ್ತಿರ ಬಂದಾಗ ವಾವ್ ವಾವ್ ಅಂತ ಅಲೆ ಕೇಳುತ್ತದೆ, ಇನ್ನೂ ಹತ್ತಿರ ಬಂದಂತೆ ಅಲೆ ನಿಧಾನವಾಗುತ್ತದೆ, ಸರಿಯಾಗಿ ಕೂಡಿದಾಗ ನಿಂತೇ ಹೋಗುತ್ತದೆ. ನಿಂತ ಕೂಡಲೇ ಯಾರೂ ನುಡಿಸದೆ ಇರುವ ಮೇಲಿನ ಸ್ವರಗಳು ತಾವಾಗಿ ಗುಂಯ್‌ಗುಡುತ್ತವೆ. ತಂಬೂರಿ ಶ್ರುತಿ ಮಾಡುವುದನ್ನು ಹತ್ತಿರದಿಂದ ಕೇಳಿದವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ತಕ್ಷಣ ಗೊತ್ತಾಗುತ್ತದೆ. ಹತ್ತು ಜನರ ಮೂವತ್ತು ಡ್ರೋನ್ ಹಾಗೆ ಕೂಡಿದಾಗ ನೀವು ಹೇಳಿದ ಎದೆಯ ನಡುಕ ಬರುತ್ತದೆ. ಹಿಂದಿನ ಬೆಂಚಿನಲ್ಲಿ ಕೂತೇ ನಿಮಗೆ ಅದು ಗೊತ್ತಾಗಿದೆ. ಸಾಲಿನ ನಡುವೆ ನಿಂತರೆ ಇನ್ನೂ ಜಾಸ್ತಿ.

ನಿಮ್ಮ ಕಿವಿಗೆ ಇನ್ನೊಂದು ಸಂಗತಿ. ಚಾಂಟರಿನಲ್ಲಿ ಇರುವುದು ಒಂಬತ್ತೇ ಸ್ವರ. ನಮ್ಮ ಲೆಕ್ಕದಲ್ಲಿ ಮಂದ್ರ ನಿಷಾದದಿಂದ ಶುರುವಾಗಿ ತಾರ ಷಡ್ಜದವರೆಗೆ, ಹೆಚ್ಚು ಕಡಿಮೆ ಹರಿಕಾಂಭೋಜಿ ರಾಗ. ಹಳೆಯ ಹಾಡುಗಳಲ್ಲಿ ಎಷ್ಟೋ ಐದೇ ಸ್ವರದವು, ಕೇಳಿದರೆ ಮೋಹನ ಅನಿಸುತ್ತದೆ. ನಮ್ಮ ವಾದ್ಯ ಅಲ್ಲ ಅಂದವರಿಗೆ ಇದನ್ನು ಹೇಳಿ.

ಸ್ಪರ್ಧೆಯ ದಿನದ ಬಗ್ಗೆಯೂ ಬರೆಯಲೇಬೇಕು. ಮೇ ತಿಂಗಳಿಂದ ಆಗಸ್ಟ್‌ವರೆಗೆ ಸೀಸನ್. ನಮ್ಮ ಗ್ರೇಡಿನಲ್ಲಿ ನುಡಿಸುವುದು ಮೂರು ನಾಲ್ಕು ನಿಮಿಷದ ಒಂದು ಮಾರ್ಚ್ ಸೆಟ್, ಅಷ್ಟೇ. ಆದರೆ ಅದಕ್ಕೆ ಮೊದಲು ಒಂದೆರಡು ಗಂಟೆ ಶ್ರುತಿ ಮಾಡುವ ಕೆಲಸ ಇರುತ್ತದೆ. ಬಿಸಿಲು ಬಂದರೆ ಶ್ರುತಿ ಏರುತ್ತದೆ, ಮೋಡ ಬಂದರೆ ಇಳಿಯುತ್ತದೆ. ಪೈಪ್ ಮೇಜರ್ ಒಬ್ಬೊಬ್ಬರ ಮುಂದೆ ನಿಂತು ಚಾಂಟರಿನ ತೂತಿನ ಅಂಚಿಗೆ ಟೇಪ್ ಸರಿಸುತ್ತಾ, ಡ್ರೋನ್ ತಿರುಗಿಸುತ್ತಾ ಹೋಗುತ್ತಾರೆ. ಆಮೇಲೆ ಗೆರೆಯ ಹತ್ತಿರ ಸಾಲು. ಡ್ರಮ್ಮಿನವರು ಎರಡು ಸಲ ಡ್ರಮ್ ರೋಲ್ ಬಾರಿಸುತ್ತಾರೆ. ಮೊದಲನೆಯದಕ್ಕೆ ಡ್ರೋನ್ ಏಳಬೇಕು, ಎರಡನೆಯದಕ್ಕೆ ಚಾಂಟರ್. ಒಬ್ಬರ ಡ್ರೋನ್ ಮೊದಲೇ ಕೂಗಿದರೆ ಇಡೀ ಮೈದಾನಕ್ಕೆ ಕೇಳುತ್ತದೆ. ನಡೆದುಕೊಂಡು ಹೋಗಿ ವೃತ್ತ ಕಟ್ಟುತ್ತೇವೆ, ತೀರ್ಪುಗಾರರು ಸುತ್ತ ತಿರುಗುತ್ತಾ ಬರೆದುಕೊಳ್ಳುತ್ತಾರೆ. ಇಬ್ಬರು ಪೈಪ್ ಕೇಳುವವರು, ಒಬ್ಬರು ಡ್ರಮ್, ಒಬ್ಬರು ಒಟ್ಟು ಬ್ಯಾಂಡ್ ಹೇಗೆ ಕೂಡಿತು ಅಂತ ನೋಡುವವರು. ಅವರು ಬರೆದ ಹಾಳೆ ಆಮೇಲೆ ನಮ್ಮ ಕೈಗೆ ಬರುತ್ತದೆ. ಮುಂದಿನ ವಾರದ ಅಭ್ಯಾಸಕ್ಕೆ ಅದೇ ಪಾಠ. ನಮಗೆ ಬಹುಮಾನ ಬರುವುದು ಕಡಿಮೆ. ಆದರೂ ನಮ್ಮ ಬ್ಯಾಂಡಿನಲ್ಲಿ ಬಹುಮಾನ ಬರಲಿಲ್ಲ ಅಂತ ಯಾರೂ ಬಿಟ್ಟು ಹೋದದ್ದನ್ನು ನಾನು ನೋಡಿಲ್ಲ.

ಆಗಸ್ಟ್‌ನಲ್ಲಿ ಗ್ಲಾಸ್ಗೋ ಗ್ರೀನ್ ಮೈದಾನಕ್ಕೆ ಹೋಗಿ ನೋಡಿ. 1986ರಿಂದ ವಿಶ್ವ ಚಾಂಪಿಯನ್‌ಶಿಪ್‌ಗೆ ಗ್ಲಾಸ್ಗೋ ನಗರವೇ ಮನೆ, ಈಗ ನಡೆಯುವುದು ಈ ಮೈದಾನದಲ್ಲಿ. ಅದೇ ಹುಲ್ಲಿನ ಮೇಲೆ, ಅದೇ ದಿನ, ಇನ್ವರಾರಿಯಂಥ ಬ್ಯಾಂಡೂ ನುಡಿಸುತ್ತದೆ, ನಮ್ಮಂಥವರೂ ನುಡಿಸುತ್ತೇವೆ. ಅಂದ ಹಾಗೆ ಇನ್ವರಾರಿ ಬ್ಯಾಂಡ್ ಶುರುವಾದದ್ದು 2005ರಲ್ಲಿ, ಒಂದು ಪುಟ್ಟ ಊರಿನ ಮಕ್ಕಳ ಬ್ಯಾಂಡ್ ಆಗಿ. 2017ರಲ್ಲಿ ಗ್ರೇಡ್ 1 ವಿಶ್ವ ಪಟ್ಟ ಗೆದ್ದರು. ನಿಮ್ಮ ಮಗಳಿಗೆ ಹೇಳಿ.

ಕೊನೆಗೆ ಊರಿನ ವಿಷಯ. ಇಲ್ಲಿಗೆ ಬಂದ ಮೇಲೆ ಬಹಳ ಕಾಲ ನಾನು ಬೀದಿಯ ಕೊನೆ ಮನೆಯ ನರ್ಸ್ ಅಷ್ಟೇ ಆಗಿದ್ದೆ. ಈಗ ಊರಿನ ಜಾತ್ರೆಯ ದಿನ ಮೆರವಣಿಗೆಯ ಮುಂದೆ ನಡೆಯುತ್ತೇನೆ. ನವೆಂಬರಿನ ಎರಡನೇ ಭಾನುವಾರ ಯುದ್ಧದಲ್ಲಿ ಸತ್ತವರ ಸ್ಮಾರಕದ ಮುಂದೆ ಊರೆಲ್ಲ ಸೇರುತ್ತದೆ, ಅಲ್ಲಿಗೆ ನಮ್ಮ ಬ್ಯಾಂಡ್ ಬರಲೇಬೇಕು. ಅಂಗಡಿಯಲ್ಲಿ ಸಿಕ್ಕಿದ ಅಜ್ಜಿಯರು ಕೈ ಹಿಡಿದು ಮಾತಾಡಿಸುತ್ತಾರೆ, ನನ್ನ ಗಂಡ ಹೋದಾಗ ನೀವು ಬಂದು ನುಡಿಸಿದಿರಿ ಅಂತ. ಊರಿಗೆ ನಾನು ಬೇಕು ಅನಿಸುವುದು ಹೊರಗಿನಿಂದ ಬಂದವರಿಗೆ ದೊಡ್ಡ ವಿಷಯ ಅಲ್ವಾ?

ಕಾಲ ಎಷ್ಟು ಅಂದರೆ, ಹೆಚ್ಚಿನವರು ಚಾಂಟರಿನಲ್ಲಿ ಆರು ತಿಂಗಳಿಂದ ಒಂದು ವರ್ಷ ಕಳೆಯುತ್ತಾರೆ. ಚೀಲ ಹಿಡಿದ ಮೇಲೆ ಸಾಲಿಗೆ ಬರಲು ಇನ್ನೊಂದು ವರ್ಷ ಇಟ್ಟುಕೊಳ್ಳಿ. ದೊಡ್ಡವರಿಗೆ ಬೆರಳು ನಿಧಾನ, ಆದರೆ ಮಕ್ಕಳಿಗಿಂತ ತಾಳ್ಮೆ ಜಾಸ್ತಿ. ಚೀಲದ ಮೊದಲ ವಾರಗಳು ಕಷ್ಟ. ತಲೆ ತಿರುಗುತ್ತದೆ, ತುಟಿ ಸೋತು ಗಾಳಿ ಸೋರುತ್ತದೆ. ಅದು ದಾಟುತ್ತದೆ.

ಕ್ರೈಸ್ಟ್‌ಚರ್ಚ್ ಕಿಟ್ಟಿ

ನ್ಯೂಜಿಲೆಂಡಿನಿಂದ ನಮಸ್ಕಾರ. ಮೇಲಿನವರು ಪೈಪಿನ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ನಾನು ಟೆನರ್ ಡ್ರಮ್ ನುಡಿಸುವವನು, ಆ ಕಡೆಯ ಮಾತೂ ಇರಲಿ. ಯಾಕೆಂದರೆ ಪೈಪ್ ಬ್ಯಾಂಡ್ ಅಂದ ಕೂಡಲೇ ಎಲ್ಲರೂ ಪೈಪ್ ಒಂದನ್ನೇ ನೆನೆಸಿಕೊಳ್ಳುತ್ತಾರೆ.

ಡ್ರಮ್ಮಿನವರಲ್ಲಿ ಮೂರು ಬಗೆ. ಸ್ನೇರ್, ಟೆನರ್, ಬೇಸ್. ಸ್ನೇರ್ ತುಂಬಾ ಬಿಗಿಯಾಗಿ ಕಟ್ಟಿದ್ದು, ಚಟಪಟ ಅಂತ ಚೂಪಾಗಿ ಕೇಳುತ್ತದೆ. ಅದು ಪೈಪಿನ ಹಾಡಿನ ಪಕ್ಕದಲ್ಲೇ ತನ್ನದೊಂದು ಹಾಡು ಬರೆದಂತೆ ಹೋಗುತ್ತದೆ. ಬೇಸ್ ಡ್ರಮ್ ಒಬ್ಬರೇ, ಇಡೀ ಬ್ಯಾಂಡಿನ ನಾಡಿ ಅವರ ಕೈಯಲ್ಲಿ. ನಾವು ಟೆನರಿನವರು ಮೆತ್ತನೆಯ ಕೋಲು ತಿರುಗಿಸುತ್ತಾ ನುಡಿಸುತ್ತೇವೆ. ನೋಡುವವರಿಗೆ ಅದು ಕುಣಿತದ ಹಾಗೆ ಕಾಣುತ್ತದೆ, ಆದರೆ ಪ್ರತಿ ಟೆನರಿಗೂ ಬೇರೆ ಶ್ರುತಿ ಇದೆ, ಪೈಪಿನ ಸ್ವರಕ್ಕೆ ಹೊಂದಿಸಿ ಬಾರಿಸಬೇಕು. ಪೈಪಿನಲ್ಲಿ ಜೋರು, ಮೆಲ್ಲಗೆ ಇಲ್ಲ ಅಂದರಲ್ಲ, ಬ್ಯಾಂಡಿನಲ್ಲಿ ಆ ಏರಿಳಿತ ತರುವುದು ನಾವೇ. ನಾವು ಮೆಲ್ಲಗಾದಾಗ ಪೈಪುಗಳೂ ಮೆಲ್ಲಗಾದಂತೆ ಕೇಳುವವರಿಗೆ ಅನಿಸುತ್ತದೆ. ನನಗೆ ಈ ಕೆಲಸದಲ್ಲಿ ತುಂಬಾ ಖುಷಿ ಇದೆ. ಊದಲು ಆಗದವರು, ಉಸಿರಿನ ತೊಂದರೆ ಇರುವವರು ಇತ್ತ ಬರಬಹುದು.

ಇಲ್ಲಿ ದಕ್ಷಿಣ ದ್ವೀಪಕ್ಕೆ ಸ್ಕಾಟ್ಲೆಂಡಿನವರು ಬಹಳ ಜನ ಬಂದು ನೆಲೆಸಿದ್ದರಿಂದ ಊರೂರಿಗೆ ಬ್ಯಾಂಡ್. ಇನ್ವರ್ಕಾರ್ಗಿಲ್‌ನ ಬ್ಯಾಂಡ್ 1896ರದ್ದು. ಸ್ಪರ್ಧೆಯಲ್ಲಿ ವೃತ್ತದಲ್ಲಿ ನಿಂತು ನುಡಿಸುವುದಲ್ಲದೆ ಬೀದಿಯಲ್ಲಿ ಹೆಜ್ಜೆ ಹಾಕಿಕೊಂಡು ನುಡಿಸುವ ವಿಭಾಗವೂ ಇದೆ, ಅದನ್ನು ನೋಡಲು ಊರವರು ರಸ್ತೆಯ ಎರಡೂ ಬದಿ ನಿಲ್ಲುತ್ತಾರೆ. ಏಪ್ರಿಲ್ 25ರ ಆನ್‌ಜಾಕ್ ದಿನ, ಅಂದರೆ ಇಲ್ಲಿ ಯುದ್ಧದಲ್ಲಿ ಸತ್ತವರನ್ನು ನೆನೆಯುವ ದಿನ, ನಸುಕಿನಲ್ಲೇ ಏಳಬೇಕು. ಕತ್ತಲೆಯಲ್ಲಿ ಸಾವಿರಾರು ಜನ ಮಾತಿಲ್ಲದೆ ನಿಂತಿರುತ್ತಾರೆ. ಅಲ್ಲಿ ನುಡಿಸಿದ ಮೇಲೆ ಈ ದೇಶ ನನ್ನದೂ ಹೌದು ಅಂತ ಅನಿಸಿತು. ಪಾಸ್‌ಪೋರ್ಟ್ ಸಿಕ್ಕಿದಾಗ ಹಾಗೆ ಅನಿಸಿರಲಿಲ್ಲ.

ನಮ್ಮ ಬ್ಯಾಂಡಿನಲ್ಲಿ ಅತಿ ಚಿಕ್ಕವನು ಹೈಸ್ಕೂಲಿನಲ್ಲಿ ಇದ್ದಾನೆ, ಅತಿ ದೊಡ್ಡವರು ಎಪ್ಪತ್ತು ದಾಟಿದವರು. ಇಬ್ಬರೂ ಪಕ್ಕಪಕ್ಕ ನಿಲ್ಲುತ್ತಾರೆ. ಹುಡುಗ ತಪ್ಪಿದರೆ ಅಜ್ಜ ತಿದ್ದುತ್ತಾರೆ, ಅಜ್ಜ ತಪ್ಪಿದರೆ ಹುಡುಗ ತಿದ್ದುತ್ತಾನೆ, ಯಾರೂ ಮುಖ ಊದಿಸಿಕೊಳ್ಳುವುದಿಲ್ಲ. ನಿಮಗೂ ಮಗಳಿಗೂ ಒಟ್ಟಿಗೆ ಕಲಿಯುವ ಅವಕಾಶ ಬಂದಿದೆ. ಅದನ್ನು ಬಿಡಬೇಡಿ.

ಕೊಡಗಿನ ಕಿತ್ತಳೆ

ನಾನು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿದ್ದೇನೆ. ಮೂಲ ಮಡಿಕೇರಿ ಹತ್ತಿರ. ನಮ್ಮಪ್ಪ ಸೇನೆಯಲ್ಲಿ ರೆಜಿಮೆಂಟಿನ ಪೈಪರ್ ಆಗಿದ್ದರು. ಹಾಗಾಗಿ ನಮ್ಮ ವಾದ್ಯ ಅಲ್ಲ ಅನ್ನುವ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಬ್ರಿಟಿಷರ ಕಾಲದಿಂದ ನಮ್ಮ ಸೇನೆಯಲ್ಲಿ ಪೈಪ್ ಬ್ಯಾಂಡ್ ಇವೆ. ಜನವರಿ 29ರಂದು ದೆಹಲಿಯ ವಿಜಯ್ ಚೌಕದಲ್ಲಿ ಬೀಟಿಂಗ್ ರಿಟ್ರೀಟ್ ನೋಡಿ, ಎಷ್ಟು ಪೈಪುಗಳು ಒಟ್ಟಿಗೆ ಬರುತ್ತವೆ! ಗಢವಾಲ್ ಕಡೆ ಮದುವೆಗೂ ಪೈಪ್ ಊದುತ್ತಾರೆ, ಅವರದ್ದೇ ಹಾಡುಗಳನ್ನು. ಕ್ವಾಲಾಲಂಪುರದಲ್ಲಿ 1986ರಿಂದ ಶ್ರೀ ದಶ್ಮೇಶ್ ಅಂತ ಸಿಖ್ಖರ ಬ್ಯಾಂಡ್ ಇದೆ. 1987ರಲ್ಲಿ ಕೆನಡಾದ ಬ್ಯಾಂಡ್ ಗ್ಲಾಸ್ಗೋಗೆ ಹೋಗಿ ವಿಶ್ವ ಪಟ್ಟ ಗೆದ್ದಿತು, ಬ್ರಿಟನ್ನಿನ ಹೊರಗಿನವರು ಗೆದ್ದದ್ದು ಅದೇ ಮೊದಲು. ಆಮೇಲೆ ನಮ್ಮ ಬರ್ನಬಿಯ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಬ್ಯಾಂಡ್ 1995ರಿಂದ 2009ರ ಒಳಗೆ ಆರು ಸಲ ಗೆದ್ದಿತು. ಊದುವವರು ಯಾರೋ ವಾದ್ಯ ಅವರದ್ದು.

ಆದರೆ ಫಾಲ್ಕರ್ಕ್‌ನವರ ಒಂದು ಮಾತಿಗೆ ನನ್ನದು ಬೇರೆ ಅಭಿಪ್ರಾಯ. ಬ್ಯಾಂಡಿನ ಸುಖ ದೊಡ್ಡದು, ಒಪ್ಪುತ್ತೇನೆ. ಆದರೆ ಅದರಲ್ಲೇ ನಿಂತುಬಿಟ್ಟರೆ ವಾದ್ಯದ ಅರ್ಧ ಭಾಗ ನಿಮಗೆ ಸಿಗುವುದೇ ಇಲ್ಲ. ಬ್ಯಾಂಡಿನಲ್ಲಿ ನುಡಿಸುವುದು ನಡಿಗೆಯ, ಕುಣಿತದ ಹಾಡುಗಳು: ಮಾರ್ಚ್, ಸ್ಟ್ರಾತ್‌ಸ್ಪೇ, ರೀಲ್. ಗೇಲಿಕ್‌ನಲ್ಲಿ ಇವಕ್ಕೆ ಕ್ಯೋಲ್ ಬೆಗ್, ಅಂದರೆ ಚಿಕ್ಕ ಸಂಗೀತ, ಅನ್ನುತ್ತಾರೆ. ಇನ್ನೊಂದು ಇದೆ, ಕ್ಯೋಲ್ ಮೋರ್, ದೊಡ್ಡ ಸಂಗೀತ, ಅದನ್ನೇ ಪೀಬ್ರೋಕ್ ಅಂತಲೂ ಕರೆಯುತ್ತಾರೆ. ಒಬ್ಬರೇ ನುಡಿಸುವುದು. ಮೊದಲು ನಿಧಾನವಾಗಿ ಹಾಡಿನ ನೆಲಗಟ್ಟು ಇಡುತ್ತಾರೆ, ಆಮೇಲೆ ಅದರ ಮೇಲೆ ಒಂದೊಂದೇ ವೇರಿಯೇಷನ್ ಬೆಳೆಸುತ್ತಾ ಬೆರಳಿನ ಕೆಲಸ ದಟ್ಟವಾಗುತ್ತಾ ಹೋಗುತ್ತದೆ, ಕೊನೆಗೆ ಮತ್ತೆ ಮೊದಲಿನ ನೆಲಗಟ್ಟಿಗೆ ಬಂದು ನಿಲ್ಲುತ್ತಾರೆ. ಹತ್ತು, ಹದಿನೈದು ನಿಮಿಷ ಒಂದೇ ಹಾಡು. ನಮ್ಮಲ್ಲಿ ಆಲಾಪನೆ ಕೂತು ಕೇಳುವ ಅಭ್ಯಾಸ ಇರುವವರಿಗೆ ಇದು ಬೇಗ ಹಿಡಿಸುತ್ತದೆ.

ಅದನ್ನು ಕಲಿಸುತ್ತಿದ್ದ ರೀತಿ ಕೇಳಿ. ಹಾಳೆ ಇಲ್ಲದ ಕಾಲದಲ್ಲಿ ಗುರು ಬಾಯಲ್ಲಿ ಹಾಡಿ ಹೇಳಿಕೊಡುತ್ತಿದ್ದರು. ಹೀಹರಿನ್, ಹೊದ್ರೊಹೊ ಅಂತ ಒಂದೊಂದು ಬೆರಳಾಟಕ್ಕೂ ಒಂದೊಂದು ಸದ್ದು. ಅದಕ್ಕೆ ಕ್ಯಾಂಟರಾಕ್ ಅಂತ ಹೆಸರು. ಮೃದಂಗದವರು ತಕಿಟ ತಕಧಿಮಿ ಅಂತ ಬಾಯಲ್ಲಿ ಹೇಳಿಕೊಂಡು ಆಮೇಲೆ ಕೈಗೆ ತರುತ್ತಾರಲ್ಲ, ಅದೇ ದಾರಿ. ಇವತ್ತಿಗೂ ಒಳ್ಳೆಯ ಗುರುಗಳು ಮೊದಲು ಹಾಡಿಸುತ್ತಾರೆ. ನಾನು ಬ್ಯಾಂಡಿನಲ್ಲೂ ಇದ್ದೇನೆ, ಆದರೆ ಮನಸ್ಸಿಗೆ ಹತ್ತಿರವಾದದ್ದು ಇದು. ಬ್ಯಾಂಡಿನ ಅಭ್ಯಾಸ ಇಲ್ಲದ ದಿನ ಹೊಳೆಯ ಹತ್ತಿರ ಹೋಗಿ ಒಬ್ಬಳೇ ಊದುತ್ತೇನೆ. ಸ್ಪರ್ಧೆ ಇಲ್ಲ, ಸಾಲು ಇಲ್ಲ. ಸೇರಿದ ಮೇಲೆ ಒಂದೆರಡು ವರ್ಷಕ್ಕೆ ಇದನ್ನೂ ಕೇಳಿ ಕಲಿಯಿರಿ ಅಂತ ನನ್ನ ಸಲಹೆ.

ಡಾಕ್ಟ್ರಮ್ಮ

ನಾನು ಪೈಪರ್ ಅಲ್ಲ, ನನ್ನ ಯಜಮಾನರು ಪೈಪರ್, ನಾನು ಡಾಕ್ಟರ್. ಎರಡೇ ಮಾತು.

ಕಿವಿ. ಪೈಪಿನ ಸದ್ದು ಊದುವವರ ಕಿವಿಯ ಹತ್ತಿರ 100 ಡೆಸಿಬೆಲ್ ದಾಟುತ್ತದೆ. ಹಾಲಿನ ಒಳಗೆ ಹತ್ತು ಪೈಪು, ಸ್ನೇರ್ ಎಲ್ಲ ಸೇರಿದರೆ ಕೇಳಲೇಬೇಡಿ. ಇಯರ್‌ಪ್ಲಗ್ ಮೊದಲ ದಿನದಿಂದಲೇ ಹಾಕಿ, ಮಗಳಿಗೂ ಹಾಕಿಸಿ. ಸಂಗೀತಗಾರರಿಗೆ ಅಂತಲೇ ಮಾಡಿದವು ಸಿಗುತ್ತವೆ. ಅವು ಸದ್ದನ್ನು ಇಳಿಸುತ್ತವೆ, ಆದರೆ ಸ್ವರ ಮಸುಕಾಗುವುದಿಲ್ಲ. ಹೋದ ಕಿವಿ ವಾಪಸ್ ಬರುವುದಿಲ್ಲ.

ಎರಡನೆಯದು ಶ್ವಾಸಕೋಶ. 2016ರಲ್ಲಿ ಥೊರಾಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಇಂಗ್ಲೆಂಡಿನ 61 ವರ್ಷದ ಒಬ್ಬ ಪೈಪರ್ ಬಗ್ಗೆ ಬಂದಿತ್ತು. ಒಣ ಕೆಮ್ಮು, ಉಸಿರಿಗೆ ಕಷ್ಟ, ಕಾರಣ ಗೊತ್ತಾಗಿರಲಿಲ್ಲ. ಅವರು ಮೂರು ತಿಂಗಳು ಆಸ್ಟ್ರೇಲಿಯಾಗೆ ಹೋದಾಗ ಹಗುರಾಯಿತು. ಆಗ ಪೈಪ್ ಊರಲ್ಲೇ ಇತ್ತು. ಆಮೇಲೆ ಪರೀಕ್ಷೆ ಮಾಡಿದರೆ ಪೈಪಿನ ಒಳಗೆ ಹಲವು ಬಗೆಯ ಬೂಷ್ಟು. ಅವರು ಉಳಿಯಲಿಲ್ಲ. ಇದು ತೀರಾ ಅಪರೂಪ, ಹೆದರಬೇಡಿ. ಆದರೆ ಊದಿದ ಮೇಲೆ ಬಿಚ್ಚಿ ಒರೆಸಿ ಒಣಗಿಸುವುದನ್ನು ಹಲ್ಲುಜ್ಜುವಷ್ಟೇ ಕಡ್ಡಾಯವಾಗಿ ಮಾಡಿ. ಒದ್ದೆ ಪೈಪನ್ನು ಪೆಟ್ಟಿಗೆಯಲ್ಲಿ ಮುಚ್ಚಿಡಬಾರದು. ನಮ್ಮ ಮನೆಯಲ್ಲಿ ಊಟದ ಮೇಜಿನ ಮೇಲೆ ಡ್ರೋನುಗಳು ಒಣಗುತ್ತಿರುತ್ತವೆ. ಅದರ ಬಗ್ಗೆ ನನಗೆ ಬೇಸರ ಇಲ್ಲ. ವಾರದ ಆ ಒಂದು ಸಂಜೆ ಮುಗಿಸಿ ಬಂದಾಗ ಅವರ ಮುಖ ನೋಡಬೇಕು ನೀವು. ಆಸ್ಪತ್ರೆಯ ದಿನ ಎಷ್ಟೇ ಕೆಟ್ಟದಾಗಿರಲಿ, ಎರಡು ಗಂಟೆ ಬೆರಳು, ಉಸಿರು, ಪಕ್ಕದವರ ಕಾಲು ಬಿಟ್ಟು ಬೇರೇನೂ ತಲೆಯಲ್ಲಿ ಇರುವುದಿಲ್ಲವಂತೆ.

ಮಲೆನಾಡ್ ಮಳೆ

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ವಿವರವಾಗಿ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹರಿಕಾಂಭೋಜಿ ವಿಷಯ ಓದಿ ಆಗಲೇ ಮಗಳ ಚಾಂಟರಿನಲ್ಲಿ ಸ ರಿ ಗ ಮ ಊದಿಸಿ ನೋಡಿದೆ, ನಿಜ! ಮುಂದಿನ ಕ್ಲಾಸಿಗೆ ನಾನೂ ಕೂರುತ್ತೇನೆ ಅಂತ ಪೈಪ್ ಮೇಜರ್‌ಗೆ ಹೇಳಿಬಿಟ್ಟೆ.

ಇನ್ನು ಮೂರು ವಿಷಯ ಕೇಳಬೇಕಿತ್ತು. ಖರ್ಚು ಎಷ್ಟು? ಆನ್‌ಲೈನ್‌ನಲ್ಲಿ ನೂರು ಪೌಂಡಿನ ಸುತ್ತ ಪೂರ್ತಿ ಸೆಟ್ ಕಾಣುತ್ತಿದೆ, ತೆಗೆದುಕೊಳ್ಳಬಹುದಾ? ಕಿಲ್ಟ್ ನಾನೇ ಹೊಲಿಸಬೇಕಾ? ಪಕ್ಕದ ಮನೆಯವರ ಕಥೆ ಏನು, ನಮ್ಮದು ಜೋಡಿ ಮನೆ.

ಫಾಲ್ಕರ್ಕ್ ಕನ್ನಡತಿ

ಒಳ್ಳೆಯ ಸುದ್ದಿ!

ಆ ಅಗ್ಗದ ಸೆಟ್ ಬೇಡವೇ ಬೇಡ. ಗೋಡೆಗೆ ನೇತುಹಾಕಲು ಚೆನ್ನಾಗಿರುತ್ತವೆ, ಶ್ರುತಿಗೆ ಕೂರುವುದಿಲ್ಲ. ಕಲಿಯುವವರು ತಮ್ಮ ಕೈಯೇ ಸರಿ ಇಲ್ಲ ಅಂದುಕೊಂಡು ಬಿಟ್ಟುಬಿಡುತ್ತಾರೆ. ಒಳ್ಳೆಯ ಹೊಸ ಸೆಟ್ ಸಾವಿರ ಪೌಂಡ್ ದಾಟುತ್ತದೆ. ಆದರೆ ಈಗಲೇ ಅದರ ಯೋಚನೆ ಬೇಡ. ಊರಿನ ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಸಾಲ ಕೊಡಲು ಒಂದೆರಡು ಸೆಟ್ ಇರುತ್ತವೆ, ಕಿಲ್ಟ್, ಟೋಪಿ, ಸ್ಪೋರನ್ (ಸೊಂಟದ ಮುಂದೆ ಕಟ್ಟುವ ಸಂಚಿ) ಎಲ್ಲ ಅವರೇ ಕೊಡುತ್ತಾರೆ. ಮದುವೆ, ಮೆರವಣಿಗೆಗಳಲ್ಲಿ ಬಂದ ದುಡ್ಡು ಅದಕ್ಕೇ ಹೋಗುವುದು. ಮುಂದೆ ನಿಮ್ಮದೇ ಕೊಳ್ಳುವಾಗ ಹಳೆಯದು ಸಿಕ್ಕರೂ ಒಳ್ಳೆಯದೇ, ಚೆನ್ನಾಗಿ ಇಟ್ಟುಕೊಂಡರೆ ಡ್ರೋನ್ ನೂರು ವರ್ಷ ಬಾಳುತ್ತದೆ. ಮರ ಆಫ್ರಿಕನ್ ಬ್ಲ್ಯಾಕ್‌ವುಡ್, ಟಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುವುದು. ನಮ್ಮ ಬೀಟೆ ಮರದ ಬಳಗವೇ. ಹಳೆಯ ಸೆಟ್‌ನಲ್ಲಿ ಆನೆದಂತ ಇದೆಯಾ ಅಂತ ಕೇಳಿಕೊಳ್ಳಿ. ಇದ್ದರೆ ಊರಿಗೆ ಹೋಗುವಾಗ ವಿಮಾನದಲ್ಲಿ ತೆಗೆದುಕೊಂಡು ಹೋಗುವುದು ತೊಂದರೆ.

ಪಕ್ಕದ ಮನೆಯವರ ಚಿಂತೆ ಈಗ ಇಲ್ಲ. ಪ್ರಾಕ್ಟೀಸ್ ಚಾಂಟರ್ ಸದ್ದು ಕಡಿಮೆ, ಬಾಗಿಲು ಹಾಕಿಕೊಂಡರೆ ಸಾಕು. ನಮ್ಮ ಬ್ಯಾಂಡಿನ ಹಿರಿಯರೂ ಪ್ರತಿ ಅಭ್ಯಾಸದ ಮೊದಲ ಗಂಟೆ ಮೇಜಿನ ಸುತ್ತ ಕೂತು ಅದನ್ನೇ ಊದುತ್ತಾರೆ. ಚೀಲ ಹಿಡಿದ ಮೇಲೆ ಹಾಲ್ ಇದೆ, ಫೈಫ್‌ನಲ್ಲಿ ಸಮುದ್ರ ದಡ ಇದೆ. ಕಿತ್ತಳೆ ಅವರು ಹೇಳಿದ ಪೀಬ್ರೋಕ್ ಬಗ್ಗೆ ನನ್ನ ತಕರಾರು ಏನಿಲ್ಲ. ಆದರೆ ಮೊದಲು ಸಾಲಿನಲ್ಲಿ ನಿಂತು ನೋಡಿ.

ಚಾಂಟರ್ ಕೊಳ್ಳುವಾಗ ಉದ್ದದ್ದು ಕೇಳಿ. ಮಗಳ ಹತ್ತಿರ ಇರುವುದು ಮಕ್ಕಳ ಚಿಕ್ಕ ಚಾಂಟರ್ ಇರಬಹುದು. ದೊಡ್ಡವರ ಕೈಗೆ ಉದ್ದದ್ದರ ತೂತುಗಳ ಅಂತರ ಸರಿ, ಮುಂದೆ ಪೈಪಿಗೆ ಹೋಗುವಾಗ ಬೆರಳು ಹುಡುಕಾಡುವುದಿಲ್ಲ. ಬೆರಳ ತುದಿಯಿಂದ ತೂತು ಮುಚ್ಚಬೇಡಿ, ಬೆರಳು ಚಪ್ಪಟೆ ಇಟ್ಟು ನಡುಭಾಗದಿಂದ ಮುಚ್ಚಿ. ದಿನಾ ಇಪ್ಪತ್ತು ನಿಮಿಷ ಊದಿದರೆ ಸಾಕು, ಭಾನುವಾರ ಒಂದೇ ದಿನ ಎರಡು ಗಂಟೆ ಊದುವುದು ಬೇಡ. ರೀಡನ್ನು ಮಾತ್ರ ನೀವೇ ಕೆರೆಯಲು ಹೋಗದೆ ಪೈಪ್ ಮೇಜರ್ ಕೈಗೆ ಕೊಡಿ.